ದಂಗೆಯೆದ್ದ ವಸಾಹತು ಸರ್ಕಾರ ಕಟ್ಟುವ ಬಗೆ: ಅಮೆರಿಕದ 13 ವಸಾಹತುಗಳ ಅನುಭವದಿಂದ

ಬ್ರಿಟನ್ನಿನ ರಾಜನ ಗವರ್ನರ್ ಊರುಬಿಟ್ಟು ಹೋದ ಮಾತ್ರಕ್ಕೆ ಸಾಲದ ದಾವೆಗಳಾಗಲಿ, ಸೈನಿಕರ ಸಂಬಳವಾಗಲಿ ಕಾಯುವುದಿಲ್ಲ. ಆದ್ದರಿಂದ ಸಂವಿಧಾನ ಬರೆಯಲು ಕೂರುವ ಮೊದಲು ಆಡಳಿತದ ಕೊಂಡಿ ಕಳಚದಂತೆ ನೋಡಿಕೊಳ್ಳಬೇಕು. 1775ರಲ್ಲಿ ಈ ಕೆಲಸವನ್ನು ಆಯಾ ವಸಾಹತಿನ ಪ್ರತಿನಿಧಿಸಭೆಗಳಾದ ಪ್ರಾಂತೀಯ ಕಾಂಗ್ರೆಸ್ಸುಗಳೂ ಸುರಕ್ಷತಾ ಸಮಿತಿಗಳೂ ಹೊತ್ತುಕೊಂಡು, ಹಣ ಸಂಗ್ರಹಿಸಿ ಪಡೆ ಕಟ್ಟಿದವು. ಆದರೆ ಇಂಥ ಸಮಿತಿಗಳು ತುರ್ತಿಗೆ ಮಾತ್ರ ಸರಿ. ಅವುಗಳ ಅಧಿಕಾರಕ್ಕೆ ಎಲ್ಲೆ ಗೊತ್ತುಮಾಡಿದವರಿಲ್ಲ.

ಎರಡನೆಯದಾಗಿ, ಹಳೆಯ ಅಧಿಕಾರ ಮುಗಿಯಿತೆಂದು ಎಲ್ಲ ವಸಾಹತುಗಳ ಪರವಾಗಿ ಒಂದೇ ಕಡೆಯಿಂದ ಹೇಳಿಸಬೇಕು. ವಸಾಹತುಗಳ ಪ್ರತಿನಿಧಿಗಳೆಲ್ಲ ಸೇರುತ್ತಿದ್ದ ಕಾಂಟಿನೆಂಟಲ್ ಕಾಂಗ್ರೆಸ್ 1776ರ ಮೇ 10ರಂದು ಹೊಸ ಸರ್ಕಾರ ರಚಿಸಿಕೊಳ್ಳುವಂತೆ ವಸಾಹತುಗಳಿಗೆ ಸಲಹೆಯಿತ್ತು, ಐದು ದಿನಗಳ ಬಳಿಕ ಜಾನ್ ಆಡಮ್ಸ್ ಬರೆದ ಪೀಠಿಕೆಯನ್ನು ಅದಕ್ಕೆ ಸೇರಿಸಿತು; ರಾಜನ ಅಧಿಕಾರವನ್ನು ಸಂಪೂರ್ಣವಾಗಿ ಅಡಗಿಸಬೇಕೆಂದು ಆ ಪೀಠಿಕೆ ನೇರವಾಗಿಯೇ ಹೇಳಿತು. ತಮ್ಮ ಗವರ್ನರನನ್ನು ಮೊದಲಿನಿಂದಲೂ ತಾವೇ ಆರಿಸುತ್ತಿದ್ದ ಕನೆಕ್ಟಿಕಟ್ ಮತ್ತು ರೋಡ್ ಐಲೆಂಡ್ ಹಳೆಯ ಸನ್ನದುಗಳಿಂದ (ರಾಜ ಕೊಟ್ಟಿದ್ದ ಆಡಳಿತದ ಹಕ್ಕುಪತ್ರಗಳಿಂದ) ರಾಜನ ಹೆಸರನ್ನು ಕೈಬಿಟ್ಟು ಅವನ್ನೇ ಮುಂದುವರಿಸಿದವು.

ಸಂವಿಧಾನದಲ್ಲಿ ಏನಿರಬೇಕೆಂಬುದಕ್ಕಿಂತ ಅದನ್ನು ಯಾರು ಬರೆಯಬೇಕು, ಯಾರು ಒಪ್ಪಬೇಕು ಎಂಬುದೇ ಗಟ್ಟಿ ಪ್ರಶ್ನೆ. ಮೊದಲ ಸುತ್ತಿನ ಸಂವಿಧಾನಗಳನ್ನು ಹೆಚ್ಚಿನ ಕಡೆ ಅಧಿಕಾರದಲ್ಲಿದ್ದ ಕಾಂಗ್ರೆಸ್ಸುಗಳೇ ಬರೆದು ತಾವೇ ಜಾರಿಗೆ ತಂದವು. 1776ರ ಅಕ್ಟೋಬರಿನಲ್ಲಿ ಮ್ಯಾಸಚೂಸೆಟ್ಸಿನ ಕಾಂಕರ್ಡ್ ಊರಸಭೆ ಇದಕ್ಕೆ ತಕರಾರು ತೆಗೆಯಿತು: ಶಾಸನಸಭೆ ತಾನೇ ಬರೆದುದನ್ನು ತಾನೇ ತಿದ್ದಬಲ್ಲದಾದರೆ, ಆ ಸಭೆಯಿಂದಲೇ ಪ್ರಜೆಗಳ ಹಕ್ಕುಗಳಿಗೆ ರಕ್ಷಣೆಯೆಲ್ಲಿ? ಆದರೂ ಶಾಸನಸಭೆಯೇ ಬರೆದ ಕರಡು 1778ರಲ್ಲಿ ಊರುಗಳ ಮುಂದೆ ಬಂದು ಬಿದ್ದುಹೋಯಿತು. ಮರುವರ್ಷ ಇದೊಂದೇ ಕೆಲಸಕ್ಕೆ ಪ್ರತ್ಯೇಕ ಸಮಾವೇಶವನ್ನು ಚುನಾಯಿಸಿ, ಮತದಾನಕ್ಕಿದ್ದ ಆಸ್ತಿಯ ಷರತ್ತನ್ನು ಆ ಚುನಾವಣೆಯ ಮಟ್ಟಿಗೆ ಸಡಿಲಿಸಿದರು. ಕರಡನ್ನು ಊರುಗಳು ಚರ್ಚಿಸಿದ ಮೇಲೆ 1780ರಲ್ಲಿ ಅದು ಜಾರಿಗೆ ಬಂತು. ತಿದ್ದುಪಡಿಗಳೊಂದಿಗೆ ಇಂದಿಗೂ ಇದೆ. ಹೊಸದಾಗಿ ಹೊರಡುವವರು ಈ ದಾರಿಯನ್ನೇ ಹಿಡಿಯಬೇಕು, ತಡವಾದರೂ ಸರಿ.

ಅಧಿಕಾರ ಹಂಚುವಾಗ ರಾಜನ ಮೇಲಿನ ಸಿಟ್ಟನ್ನು ಬದಿಗಿಡುವುದು ಮೇಲು. 1776ರ ಪೆನ್ಸಿಲ್ವೇನಿಯ ಗವರ್ನರ್ ಹುದ್ದೆಯನ್ನೇ ಇಡದೆ, ಒಂದೇ ಸದನಕ್ಕೆ ಶಾಸನಾಧಿಕಾರವನ್ನೆಲ್ಲ ಕೊಟ್ಟು, 1790ರಲ್ಲಿ ಅದನ್ನು ಕೈಬಿಡಬೇಕಾಯಿತು.

ರಾಷ್ಟ್ರೀಯ ಸರ್ಕಾರ ಕಟ್ಟುವಾಗ ಮೊದಲು ಬೊಕ್ಕಸದ ಮಾತಾಗಬೇಕು. ಸ್ವತಂತ್ರ ರಾಜ್ಯಗಳಾದ ವಸಾಹತುಗಳನ್ನು ಒಂದುಗೂಡಿಸಲು 1777ರಲ್ಲಿ ಸಿದ್ಧವಾದ ಒಕ್ಕೂಟದ ಕರಾರು, ಪಶ್ಚಿಮದ ಭೂಮಿಯ ತಗಾದೆಯಿಂದ ಮೇರಿಲ್ಯಾಂಡ್ ತಡೆಹಿಡಿದಿದ್ದ ಒಪ್ಪಿಗೆ ದೊರೆತ ಮೇಲೆ, 1781ರ ಮಾರ್ಚ್ 1ರಂದು ಜಾರಿಗೆ ಬಂತು. ಅದರಡಿ ಕಾಂಗ್ರೆಸ್ಸಿಗೆ ಯುದ್ಧ ಹೂಡುವ ಅಧಿಕಾರವಿತ್ತು, ತೆರಿಗೆ ಹಾಕುವ ಅಧಿಕಾರವಿರಲಿಲ್ಲ; ರಾಜ್ಯಗಳಿಗೆ ಹಣ ಕೇಳಿ ಬರೆಯುವುದಷ್ಟೇ ಅದರ ಪಾಲಿಗಿತ್ತು. ಆಮದಿನ ಮೇಲೆ ಶೇ. 5ರ ಸುಂಕ ಹಾಕಲು ಕಾಂಗ್ರೆಸ್ ಅನುಮತಿ ಬೇಡಿದಾಗ, ತಿದ್ದುಪಡಿಗೆ ಸರ್ವಸಮ್ಮತಿ ಬೇಕೆಂಬ ನಿಯಮದಿಂದಾಗಿ ರೋಡ್ ಐಲೆಂಡ್ ಒಂದರ ನಿರಾಕರಣೆಯೇ 1782ರಲ್ಲಿ ಅದನ್ನು ಮುರಿದುಹಾಕಿತು. ಕೇಂದ್ರಕ್ಕೆ ಸ್ವಂತ ಆದಾಯವಿರಬೇಕು, ಒಬ್ಬರ ಮುನಿಸಿಗೆ ತಿದ್ದುಪಡಿ ನಿಲ್ಲಬಾರದು ಎಂಬ ಎರಡು ಅಂಶಗಳನ್ನು ಆರಂಭದಲ್ಲೇ ಬರೆದಿಟ್ಟುಕೊಳ್ಳಬೇಕು.

ಫಿಲಡೆಲ್ಫಿಯದಲ್ಲಿ 1787ರ ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ ಬಾಗಿಲು ಮುಚ್ಚಿಕೊಂಡು ಕೂತ ರಾಜ್ಯಗಳ ಪ್ರತಿನಿಧಿಗಳು ಹೊಸ ರಾಷ್ಟ್ರೀಯ ಸಂವಿಧಾನ ಬರೆದು ಇವೆರಡನ್ನೂ ಸರಿಪಡಿಸಿದರು. ಗುಲಾಮರ ಬದುಕಿನ ಪ್ರಶ್ನೆಯನ್ನು ಮಾತ್ರ, ಪ್ರಾತಿನಿಧ್ಯದ ಲೆಕ್ಕದಲ್ಲಿ ಐವರು ಗುಲಾಮರನ್ನು ಮೂವರೆಂದು ಎಣಿಸುವ ರಾಜಿಯಲ್ಲಿ ಮುಗಿಸಿದರು. ಅದನ್ನು ಯಾರೂ ಅನುಸರಿಸಬೇಕಾಗಿಲ್ಲ. ಅನುಮೋದನೆಗೆ 13ರ ಬದಲು 9 ರಾಜ್ಯಗಳು ಸಾಕೆಂದು ಗೊತ್ತುಮಾಡಿ, ತೀರ್ಮಾನವನ್ನು ಶಾಸನಸಭೆಗಳಿಗೆ ಬಿಡದೆ ಪ್ರತ್ಯೇಕವಾಗಿ ಚುನಾಯಿತವಾದ ಸಮಾವೇಶಗಳಿಗೆ ಒಪ್ಪಿಸಿದರು. 1788ರ ಜೂನ್ 21ರಂದು ನ್ಯೂ ಹ್ಯಾಂಪ್‌ಶೈರ್ ಒಂಬತ್ತನೆಯದಾಯಿತು. ಹಕ್ಕುಗಳ ಪಟ್ಟಿಯಿಲ್ಲವೆಂದು ಗೊಣಗಿದ ರಾಜ್ಯಗಳಿಗೆ ತಿದ್ದುಪಡಿಯ ಭರವಸೆ ಕೊಟ್ಟು, 1791ರಲ್ಲಿ ಅದನ್ನು ಈಡೇರಿಸಿದರು. ಜಾರ್ಜ್ ವಾಷಿಂಗ್ಟನ್ 1789ರ ಏಪ್ರಿಲ್ 30ರಂದು ಮೊದಲ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದಾಗ ಒಕ್ಕೂಟದಲ್ಲಿದ್ದ ರಾಜ್ಯಗಳು 11. ನಾರ್ತ್ ಕ್ಯಾರೊಲಿನ ಅದೇ ವರ್ಷ, ರೋಡ್ ಐಲೆಂಡ್ 1790ರಲ್ಲಿ ಬಂದು ಸೇರಿದವು.