ಅಡಿಕೆ ದರ ಓದಿಸಲು ಹೋಗಿ: ಪುಟದೊಳಗೆ ಕೋಡ್ ಓಡಿಸಿದ ನನ್ನ ಅನುಭವ

ಶಿರಸಿಯ ಸಮೀಪದ ಹಳ್ಳಿಯೊಂದರಲ್ಲಿ ಮನೆಯಿಂದಲೇ ಸಾಫ್ಟ್‌ವೇರ್ ಪರೀಕ್ಷೆಯ ಕೆಲಸ ಮಾಡುವವನು ನಾನು. ಸಂಜೆ ಅಪ್ಪ ತೋಟದಿಂದ ಬಂದು, ಕಾಲು ತೊಳೆಯುವ ಮೊದಲೇ, "ತಮಾ, ಚಾಲಿ ಎಷ್ಟಾತೋ ಇವತ್ತು?" ಎಂದು ಕೇಳುವುದು ವಾಡಿಕೆ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು, ಕೋಕ ಎಂದು ಅಡಿಕೆಯ ಒಂದೊಂದು ಬಗೆಗೂ ಕ್ವಿಂಟಲ್ ಲೆಕ್ಕದಲ್ಲಿ ಕನಿಷ್ಠ, ಗರಿಷ್ಠ, ಸರಾಸರಿ ದರಗಳಿರುವುದರಿಂದ, ದಿನವೂ ಹುಡುಕಿ ಓದಿ ಹೇಳುವ ಬದಲು ಆ ಕೆಲಸವನ್ನು ಒಂದು ಸ್ಕ್ರಿಪ್ಟ್‌ಗೆ ವಹಿಸೋಣವೆಂದುಕೊಂಡೆ.

ದರ ಪ್ರಕಟವಾಗುವ ಪುಟವನ್ನು ನೇರವಾಗಿ ತರಿಸಿ ನೋಡಿದಾಗ ಕೋಷ್ಟಕದ ತಲೆಸಾಲು ಮಾತ್ರ ಬಂದಿತು. ಉಳಿದದ್ದನ್ನು ಪುಟದೊಳಗಿನ ಜಾವಾಸ್ಕ್ರಿಪ್ಟ್ ಕೋಡ್ ಆಮೇಲೆ ತುಂಬುತ್ತಿತ್ತು. ಹಾಗಾಗಿ ಬ್ರೌಸರನ್ನೇ ಓಡಿಸಬೇಕಾಯಿತು. ಕ್ರೋಮ್ ತಂಡವು 2017ರಲ್ಲಿ ಹೊರತಂದ, ಬ್ರೌಸರನ್ನು ಕೋಡ್ ಮೂಲಕ ನಡೆಸುವ ಸಾಧನ ಪಪೆಟಿಯರ್ ನನಗೆ ಮೊದಲೇ ಪರಿಚಿತವಾಗಿದ್ದರಿಂದ ಅದನ್ನೇ ಆರಿಸಿಕೊಂಡೆ. 2020ರಲ್ಲಿ ಬಂದ ಮೈಕ್ರೋಸಾಫ್ಟಿನ ಇದೇ ಬಗೆಯ ಸಾಧನ ಪ್ಲೇರೈಟ್ ಬಳಸುವವರಿಗೂ ಇಲ್ಲಿಯ ಬಹುಪಾಲು ಮಾತು ಅನ್ವಯಿಸುತ್ತದೆ.

ಪುಟದೊಳಗೆ ನಮ್ಮ ಕೋಡನ್ನು ಓಡಿಸುವ ಮುಖ್ಯ ದಾರಿ ಪಪೆಟಿಯರಿನ ‘ಇವ್ಯಾಲ್ಯುಯೇಟ್’ ಎಂಬ ಆದೇಶ. ಅದಕ್ಕೊಂದು ಫಂಕ್ಷನ್ (ಒಂದು ಕೆಲಸ ಮಾಡುವ ಕೋಡಿನ ತುಣುಕು) ಬರೆದುಕೊಟ್ಟು, ‘ಚಾಲಿ’ ಎಂಬ ಹೆಸರನ್ನು ಮೇಲೊಂದು ಸಾಲಿನಲ್ಲಿ, ಮೌಲ್ಯ ಇಟ್ಟುಕೊಳ್ಳುವ ವೇರಿಯಬಲ್‌ಗೆ ಹಾಕಿಟ್ಟು, ಒಳಗೆ ಅದನ್ನು ಬಳಸಿದೆ. ಆ ಹೆಸರಿನ ವೇರಿಯಬಲ್ಲೇ ಇಲ್ಲ ಎಂಬ ರೆಫರೆನ್ಸ್ ಎರರ್ ಬಂದಿತು. ಕಣ್ಣೆದುರಿಗೆ, ಎರಡೇ ಸಾಲು ಮೇಲೆ, ಅದು ಇತ್ತು! ಅರ್ಧ ಗಂಟೆ ಕಾಗುಣಿತದ ತಪ್ಪನ್ನು ಹುಡುಕಿದ ಮೇಲೆ ವಿಷಯ ಹೊಳೆಯಿತು. ನನ್ನ ಸ್ಕ್ರಿಪ್ಟ್ ಓಡುವುದು ಬ್ರೌಸರಿನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಎಂಬ ಒಂದು ಪ್ರಕ್ರಿಯೆಯಲ್ಲಿ, ಪುಟ ಇರುವುದು ಬ್ರೌಸರ್ ಎಂಬ ಇನ್ನೊಂದರಲ್ಲಿ. ಇವೆರಡರ ನಡುವೆ ದಾಟುವುದು ಫಂಕ್ಷನ್‌ನ ಪಠ್ಯವೇ ಹೊರತು ಅದರ ಸುತ್ತಮುತ್ತಲಿನ ವೇರಿಯಬಲ್‌ಗಳಲ್ಲ. ಪೇಟೆಗೆ ಹೋಗುವವರ ಕೈಯಲ್ಲಿ ಸಾಮಾನಿನ ಚೀಟಿ ಕೊಟ್ಟು, ಬೇಕಾದ ಒಂದನ್ನು ಬರೆಯದೆ ಮನಸ್ಸಿನಲ್ಲಿಯೇ ಇಟ್ಟುಕೊಂಡ ಹಾಗಾಗಿತ್ತು. ‘ಚಾಲಿ’ಯನ್ನು ಇವ್ಯಾಲ್ಯುಯೇಟ್‌ಗೆ ಎರಡನೆಯ ಆರ್ಗ್ಯುಮೆಂಟಾಗಿ, ಅಂದರೆ ಫಂಕ್ಷನ್ ಜೊತೆಗೆ ಕೊಡುವ ಮೌಲ್ಯವಾಗಿ, ಕಳಿಸಿ, ಫಂಕ್ಷನ್‌ನಲ್ಲಿ ಅದನ್ನು ಸ್ವೀಕರಿಸಿದ ಕೂಡಲೇ ಕೆಲಸವಾಯಿತು.

ಇದೇ ಕಾರಣದ ಇನ್ನೊಂದು ಪೆಟ್ಟು, ಜಾವಾಸ್ಕ್ರಿಪ್ಟಿನ ವಿಸ್ತೃತ ರೂಪವಾದ ಟೈಪ್‌ಸ್ಕ್ರಿಪ್ಟ್‌ಗೆ ಬದಲಾಯಿಸಿಕೊಂಡಾಗ ಬಿದ್ದಿತು. ಇಎಸ್‌ಬಿಲ್ಡ್ ಆಧರಿಸಿದ, ಅದನ್ನು ಜಾವಾಸ್ಕ್ರಿಪ್ಟಿಗೆ ಬದಲಿಸುವ ಸಾಧನವು ನಾನು ಒಳಗೆ ಬರೆದಿದ್ದ ಪುಟ್ಟ ಫಂಕ್ಷನ್‌ಗೆ, ಹೆಸರು ಉಳಿಸುವ ಸಲುವಾಗಿ, ತನ್ನದೇ ಒಂದು ಸಹಾಯಕ ಕರೆಯನ್ನು ಸೇರಿಸಿಬಿಟ್ಟಿತ್ತು. ಆ ಸಹಾಯಕ ಫಂಕ್ಷನ್ ಬ್ರೌಸರಿಗೆ ಗೊತ್ತಿಲ್ಲ. ನಾನು ಬರೆಯದೇ ಇದ್ದ ಹೆಸರಿನ ಮೇಲೆ ದೋಷ ತೋರಿಸುತ್ತಿತ್ತು. ಕೊನೆಗೆ ಆ ತುಣುಕನ್ನು ಫಂಕ್ಷನ್ ಆಗಿ ಕೊಡದೆ ಸ್ಟ್ರಿಂಗ್ ಆಗಿ, ಅಂದರೆ ಬರೀ ಪಠ್ಯವಾಗಿ, ಕೊಟ್ಟೆ. ನೋಡಲು ಅಂದವಿಲ್ಲ, ಆದರೆ ಸ್ಟ್ರಿಂಗ್ ಒಳಗೆ ಯಾರೂ ಕೈ ಹಾಕುವುದಿಲ್ಲ.

ಹಿಂದಿರುಗಿ ಬರುವಾಗಲೂ ಅದೇ ನಿಯಮ. ಕೋಷ್ಟಕದ ಸಾಲುಗಳನ್ನು ಹಾಗೆಯೇ ಅರೇಯಲ್ಲಿ (ಪಟ್ಟಿಯಲ್ಲಿ) ಇಟ್ಟು ವಾಪಸು ಕೊಟ್ಟರೆ, ನನ್ನ ಕೈಗೆ ಬಂದದ್ದು ಒಳಗೇನೂ ಇಲ್ಲದ ಆಬ್ಜೆಕ್ಟ್‌ಗಳ ಸರಣಿ. ಪುಟದ ಅಂಗವಾದ ಎಲಿಮೆಂಟ್ ಬ್ರೌಸರ್ ಬಿಟ್ಟು ಬರಲಾರದು. ಅದರಲ್ಲಿರುವ ಪಠ್ಯ ಬರಬಲ್ಲದು. ಎಲಿಮೆಂಟೇ ಬೇಕೆಂದಾದರೆ ‘ಇವ್ಯಾಲ್ಯುಯೇಟ್ ಹ್ಯಾಂಡಲ್’ ಇದೆ, ಅದು ಬ್ರೌಸರಿನಲ್ಲಿಯೇ ಉಳಿದ ವಸ್ತುವಿಗೆ ಒಂದು ಹಿಡಿಕೆಯನ್ನಷ್ಟೇ ಕೊಡುತ್ತದೆ. ನನಗೆ ಅದರ ಅಗತ್ಯ ಬೀಳಲಿಲ್ಲ. ಒಳಗೆ ಬರೆದ ಕನ್ಸೋಲ್ ಲಾಗ್ (ಸಂದೇಶ ಮುದ್ರಿಸುವ ಸಾಲು) ಕೂಡ ಬ್ರೌಸರಿನ ಕನ್ಸೋಲಿನಲ್ಲಿ ಮೂಡುತ್ತದೆಯೇ ವಿನಾ ಟರ್ಮಿನಲ್ಲಿನಲ್ಲಿ ಅಲ್ಲ. ಪುಟದ ‘ಕನ್ಸೋಲ್’ ಈವೆಂಟಿಗೆ ಕಿವಿಗೊಟ್ಟು ಅದನ್ನು ಹೊರಗೆ ಮುದ್ರಿಸುವ ಒಂದು ಸಾಲನ್ನು ಮೊದಲ ದಿನವೇ ಬರೆದಿದ್ದರೆ ಎರಡು ಸಂಜೆ ಉಳಿಯುತ್ತಿದ್ದವು.

ಕಾಯುವ ವಿಚಾರದಲ್ಲಿ ಮೊದಲು ನಾನು ಐದು ಸೆಕೆಂಡು ಸುಮ್ಮನೆ ನಿಲ್ಲಿಸುತ್ತಿದ್ದೆ. ಬೇಸಿಗೆಯಲ್ಲಿ ಅದು ನಡೆಯಿತು. ಮಳೆಗಾಲದ ನೆಟ್‌ವರ್ಕಿಗೆ ಐದು ಸೆಕೆಂಡು ಸಾಲಲಿಲ್ಲ. ಈಗ ‘ವೇಟ್ ಫಾರ್ ಫಂಕ್ಷನ್’ ಬಳಸುತ್ತೇನೆ. ಅದು ಕೂಡ ಪುಟದೊಳಗೇ ಓಡುವ ಕೋಡ್. ಕೋಷ್ಟಕದಲ್ಲಿ ಒಂದಾದರೂ ದರದ ಸಾಲು ಕಾಣುವವರೆಗೆ ಮತ್ತೆ ಮತ್ತೆ ಪರೀಕ್ಷಿಸಿ, ಕಂಡ ತಕ್ಷಣ ಮುಂದೆ ಬಿಡುತ್ತದೆ.

ಇಷ್ಟೆಲ್ಲ ಆದ ಮೇಲೆ ಮೊದಲ ಬಾರಿ ದರ ಮೊಬೈಲಿಗೆ ಬಂದ ಸಂಜೆ, ಚಾಲಿ ಕ್ವಿಂಟಲ್‌ಗೆ 38 ರೂಪಾಯಿ ಎಂದು ತೋರಿಸಿತು. ಅಪ್ಪ ಕನ್ನಡಕ ಏರಿಸಿ ಎರಡು ಸಲ ಓದಿ, ಆ ದರಕ್ಕಾದರೆ ಊರಿನ ಅಡಿಕೆಯನ್ನೆಲ್ಲ ತಾವೇ ಕೊಂಡು ಅಟ್ಟದ ಮೇಲೆ ಹಾಕುವುದಾಗಿ ಹೇಳಿದರು. ಪುಟದಲ್ಲಿದ್ದದ್ದು ‘38,499’, ಪಠ್ಯವನ್ನು ಸಂಖ್ಯೆಯಾಗಿಸಲು ನಾನು ಬಳಸಿದ್ದ ‘ಪಾರ್ಸ್ ಇಂಟ್’ ಅಲ್ಪವಿರಾಮದ ಹತ್ತಿರ ಬಂದು ನಿಂತುಬಿಟ್ಟಿತ್ತು. ತಪ್ಪು ಚಿಕ್ಕದೇ, ಆದರೆ ಅದು ಪುಟದೊಳಗೆ ಕುಳಿತಿದ್ದರಿಂದ ಪರೀಕ್ಷಿಸಲು ಪ್ರತಿಸಲವೂ ಬ್ರೌಸರ್ ಎಬ್ಬಿಸಬೇಕಾಗುತ್ತಿತ್ತು. ಅಂದಿನಿಂದ ಪುಟದೊಳಗೆ ಓಡುವ ಫಂಕ್ಷನ್‌ಗೆ ಕೋಶಗಳ ಪಠ್ಯವನ್ನು ಎತ್ತಿಕೊಡುವ ಕೆಲಸವನ್ನಷ್ಟೇ ಉಳಿಸಿದ್ದೇನೆ. ಅಲ್ಪವಿರಾಮ ತೆಗೆಯುವುದು, ಸಂಖ್ಯೆ ಮಾಡುವುದು, ನಿನ್ನೆಯ ದರದೊಡನೆ ಹೋಲಿಸುವುದು ಎಲ್ಲವೂ ಈಚೆ ಕಡೆ ನೋಡ್‌ನಲ್ಲಿ ನಡೆಯುತ್ತವೆ.

ದಿನಕ್ಕೆ ಒಂದೇ ಸಲ, ವ್ಯಾಪಾರ ಮುಗಿದ ಮೇಲೆ, ಸ್ಕ್ರಿಪ್ಟ್ ಓಡುತ್ತದೆ. ಸಾರ್ವಜನಿಕರಿಗೆಂದು ಇರುವ ಪುಟವನ್ನು ಗಳಿಗೆಗೊಮ್ಮೆ ಬಡಿಯುವುದು ನನಗೆ ಸರಿಯೆನಿಸುವುದಿಲ್ಲ. ಮೂವತ್ತು ಸೆಕೆಂಡು ಕಾದರೂ ಸಾಲು ಮೂಡದಿದ್ದರೆ ‘ದರ ಸಿಕ್ಕಿಲ್ಲ’ ಎಂಬ ಸಂದೇಶ ಬರುತ್ತದೆ. ಕರೆಂಟು ಕೈಕೊಟ್ಟ ದಿನ ಅದೂ ಬರುವುದಿಲ್ಲ. ಆಗ ಅಪ್ಪ ಸೊಸೈಟಿಗೆ ಫೋನ್ ಮಾಡಿ ಕೇಳಿಕೊಳ್ಳುತ್ತಾರೆ.