ಹೆಸರು, ಲಿಂಗ ಬದಲಾಯಿತು; 371ಜೆ ಪತ್ರ?

2019ರ ಲಿಂಗತ್ವ ಅಲ್ಪಸಂಖ್ಯಾತರ (ಟ್ರಾನ್ಸ್‌ಜೆಂಡರ್) ಹಕ್ಕುಗಳ ರಕ್ಷಣಾ ಕಾಯ್ದೆಯಡಿ ಜಿಲ್ಲಾಧಿಕಾರಿ ಕೊಡುವ ಗುರುತಿನ ಪ್ರಮಾಣಪತ್ರ ಕೈಗೆ ಬಂದ ಮೇಲೆ ಉಳಿದ ದಾಖಲೆಗಳ ಸರದಿ. 2020ರ ನಿಯಮಗಳ ಪ್ರಕಾರ ಆಯಾ ಕಚೇರಿ 15 ದಿನದಲ್ಲಿ ತಿದ್ದಿಕೊಡಬೇಕು, ಹಳೆಯ ಕ್ರಮಸಂಖ್ಯೆ ಹಾಗೇ ಉಳಿಯಬೇಕು. ಕೌಂಟರಿನಲ್ಲಿ ‘ಹೊಸದಾಗಿ ಅರ್ಜಿ ಹಾಕಿ’ ಅಂದರೆ ಒಪ್ಪಬೇಡಿ. ತಿದ್ದುಪಡಿ ಅರ್ಜಿಯನ್ನೇ ಕೊಟ್ಟು ಸ್ವೀಕೃತಿ ಪಡೆಯಿರಿ.

ಆಧಾರ್‌ನಲ್ಲಿ ಹೆಸರು ಎರಡು ಸಲ, ಲಿಂಗ ಒಂದೇ ಸಲ ಬದಲಿಸಬಹುದು. ಇಂಗ್ಲಿಷ್ ಸ್ಪೆಲ್ಲಿಂಗ್, ಇನಿಷಿಯಲ್ ಹಿಂದೋ ಮುಂದೋ ಎಂಬುದನ್ನು ಮೊದಲೇ ತೀರ್ಮಾನಿಸಿ. ಇಲ್ಲದಿದ್ದರೆ ಪ್ಯಾನ್ ಜೋಡಣೆ ಕೈಕೊಡುತ್ತದೆ.

ಕಲಬುರಗಿ, ಬೀದರ್, ಯಾದಗಿರಿ ಕಡೆಯವರು ಮರೆಯೋದು 371ಜೆ ಪತ್ರ, ಅಂದರೆ ಸಂವಿಧಾನದ ಆ ವಿಧಿಯಡಿ ಕಲ್ಯಾಣ ಕರ್ನಾಟಕದವರಿಗೆ ಸಿಗುವ ಮೀಸಲಾತಿಯ ಪತ್ರ. ಸಹಾಯಕ ಆಯುಕ್ತರು ಕೊಟ್ಟ ಆ ಅರ್ಹತಾ ಪತ್ರದಲ್ಲಿ ಹಳೆಯ ಹೆಸರೇ ಇದ್ದರೆ ನೌಕರಿಯ ದಾಖಲೆ ಪರಿಶೀಲನೆಯಲ್ಲಿ ತಕರಾರು ಗ್ಯಾರಂಟಿ. ಮೊದಲು ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತಿದ್ದಿಸಿ (ಅರ್ಜಿ ಓದಿದ ಶಾಲೆಯ ಮುಖ್ಯಗುರುಗಳ ಮೂಲಕವೇ ಹೋಗಬೇಕು), ಆಮೇಲೆ ಇದಕ್ಕೆ ಕೈಹಾಕಿ.