ಹಳೆಯ ಎಂಡೆವರ್ ಕೊಳ್ಳುವ ಮುನ್ನ ಅದರ ಚರಿತ್ರೆ ತಿಳಿಯುವ ಬಗೆ

ತುಮಕೂರಿನಲ್ಲಿ ಸೆಕೆಂಡ್ ಹ್ಯಾಂಡ್ ಫೋರ್ಡ್ ಎಂಡೆವರ್ ನೋಡಲು ಹೋದವರು ಸಾಮಾನ್ಯವಾಗಿ ಮಾಡೆಲ್ ಯಾವ ವರ್ಷದ್ದು, ಎಷ್ಟು ಓಡಿದೆ ಎಂದು ವಿಚಾರಿಸುತ್ತಾರೆ. ಅದಕ್ಕೂ ಮೊದಲು ಕೇಳಬೇಕಾದದ್ದು ಎಂಜಿನ್ ಯಾವುದೆಂದು. ಏಕೆಂದರೆ 2003ರಲ್ಲಿ ಭಾರತದ ಮಾರುಕಟ್ಟೆಗೆ ಬಂದು, 2021ರ ಸೆಪ್ಟೆಂಬರ್‌ನಲ್ಲಿ ಕಂಪನಿಯು ಇಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಘೋಷಿಸುವವರೆಗೂ ಒಂದೇ ಹೆಸರಿನಲ್ಲಿ ಮಾರಾಟವಾದ ಈ ಗಾಡಿಯ ಒಳಗಿನ ಯಂತ್ರ ಹಲವು ಬಾರಿ ಬದಲಾಗಿದೆ.

2016ರ ಆರಂಭದಲ್ಲಿ ಬಂದ ಪೀಳಿಗೆಯಲ್ಲಿ 2.2 ಲೀಟರ್ ಹಾಗೂ 3.2 ಲೀಟರ್ ಡೀಸೆಲ್ ಎಂಜಿನ್‌ಗಳಿದ್ದವು. ಐದು ಸಿಲಿಂಡರ್‌ಗಳ 3.2ರ ಎಳೆತಕ್ಕೆ ಇಂದಿಗೂ ಸಾಟಿ ಸಿಗುವುದು ಕಷ್ಟವೆಂಬುದು ನನ್ನ ಅಭಿಪ್ರಾಯ. 2020ರಲ್ಲಿ ಬಿಎಸ್-6 ಎಂಬ ಹೊಗೆ ಮಾಲಿನ್ಯ ನಿಯಮದ ಕಾರಣ ಇವೆರಡರ ಬದಲು 2.0 ಲೀಟರ್ ಎಂಜಿನ್ ಮತ್ತು ಹತ್ತು ಗೇರ್‌ಗಳ ಆಟೊಮ್ಯಾಟಿಕ್ ಬಂದವು. ಈ ಎಂಜಿನ್ನಿನ ಟೈಮಿಂಗ್ ಬೆಲ್ಟ್ (ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆಯಿಸುವ ಪಟ್ಟಿ) ಆಯಿಲ್‌ನಲ್ಲಿಯೇ ತಿರುಗುವುದರಿಂದ ಹಳೆಯ ಇಲ್ಲವೆ ತಪ್ಪು ಆಯಿಲ್ ಅದನ್ನು ಕೆಡಿಸುತ್ತದೆ; ಹಾಗಾಗಿ ಸರಿಯಾದ ದರ್ಜೆಯ ಆಯಿಲ್ ಅನ್ನು ಹೊತ್ತಿಗೆ ಸರಿಯಾಗಿ ಬದಲಿಸಿದ ಬಿಲ್ಲುಗಳಿಲ್ಲದಿದ್ದರೆ ಆ ಗಾಡಿಯನ್ನು ಬಿಡುವುದೇ ಲೇಸು.

ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ತಯಾರಿಕೆಯ ತಿಂಗಳು, ಎಷ್ಟನೇ ಮಾಲೀಕರು, ಸಾಲದ ನಮೂದು ಇವೆಯೇ ಎಂಬುದನ್ನು ನೋಡಿ, ಚಾಸಿಸ್ ನಂಬರನ್ನು ಗಾಡಿಯ ಮೇಲಿನ ಅಚ್ಚಿನೊಂದಿಗೆ ತಾಳೆ ಹಾಕಬೇಕು. ಕೆಎ-06 ಫಲಕವಿದ್ದರೆ ತುಮಕೂರು ಆರ್‌ಟಿಒದಲ್ಲಿಯೇ ವಿಚಾರಿಸಬಹುದು. ಹೊರರಾಜ್ಯದ ಗಾಡಿಯಾದರೆ ಅಲ್ಲಿನ ಆರ್‌ಟಿಒ ಕೊಟ್ಟ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಇದೆಯೇ, ಇಲ್ಲಿ ಕಟ್ಟಬೇಕಾದ ತೆರಿಗೆ ಎಷ್ಟು ಎಂಬುದನ್ನು ಮುಂಗಡ ಕೊಡುವ ಮೊದಲೇ ಲೆಕ್ಕ ಹಾಕಿಕೊಳ್ಳಬೇಕು. ಹಳೆಯ ಡೀಸೆಲ್ ಗಾಡಿಗಳ ಮೇಲಿನ ನಿರ್ಬಂಧದಿಂದಾಗಿ ದೆಹಲಿಯ ಕಡೆಯಿಂದ ಅಗ್ಗಕ್ಕೆ ಬರುವ ಗಾಡಿಗಳಲ್ಲಿ ಈ ಲೆಕ್ಕವೇ ಮುಖ್ಯ.

ಗಾಡಿ ನೋಡಲು ಬೆಳಗ್ಗೆ ಹೋಗಿ, ನೀವು ಬರುವವರೆಗೆ ಸ್ಟಾರ್ಟ್ ಮಾಡಬಾರದೆಂದು ಮೊದಲೇ ತಿಳಿಸಿರಬೇಕು. ಬಾನೆಟ್ ಮುಟ್ಟಿ ತಣ್ಣಗಿದೆಯೆಂದು ಖಚಿತಪಡಿಸಿಕೊಂಡ ನಂತರವೇ ಸ್ಟಾರ್ಟ್ ಮಾಡಿ ಹೊಗೆ, ಸದ್ದು ಗಮನಿಸಬೇಕು. 2016ರ ಪೀಳಿಗೆಯದು ಎಂಟುನೂರು ಮಿಲಿಮೀಟರ್ ಆಳದ ನೀರಿನಲ್ಲಿ ಸಾಗಬಲ್ಲದೆಂದು ಕಂಪನಿ ಹೇಳಿದ್ದ ಗಾಡಿಯಾದ್ದರಿಂದ, ಮ್ಯಾಟ್ ಎತ್ತಿ ಸೀಟಿನ ಬೋಲ್ಟ್‌ಗಳಲ್ಲಿ ತುಕ್ಕು, ಕಾರ್ಪೆಟ್ ಕೆಳಗೆ ಒಣಗಿದ ಕೆಸರು ಇದೆಯೇ ಎಂದು ನೋಡುವುದನ್ನು ಮರೆಯಬಾರದು. ಆಮೇಲೆ ದೇವರಾಯನದುರ್ಗದ ಏರುರಸ್ತೆಯಲ್ಲಿ ಓಡಿಸಿದರೆ ಗೇರ್ ಬದಲಾಗುವಾಗಿನ ಜಗ್ಗಾಟ, ಇಳಿಜಾರಿನಲ್ಲಿ ಬ್ರೇಕಿನ ನಡುಕ ಎರಡೂ ಗೊತ್ತಾಗುತ್ತವೆ.

ಕೊನೆಯದಾಗಿ, ಬದಲಿಸಬೇಕಾಗಬಹುದಾದ ಬಿಡಿಭಾಗಗಳ ಪಟ್ಟಿಯನ್ನು ಚಾಸಿಸ್ ನಂಬರ್ ಸಹಿತ ಸರ್ವೀಸ್ ಸೆಂಟರಿಗೆ ಕೊಟ್ಟು, ಬೆಲೆ ಮತ್ತು ಬರುವ ಅವಧಿಯನ್ನು ಬರಹದಲ್ಲಿ ಪಡೆದು, ಆ ಮೊತ್ತವನ್ನು ಕಳೆದು ಗಾಡಿಯ ಬೆಲೆ ಮಾತನಾಡಬೇಕು.